ಚಕ್ರಕ್ಕಿಂತ ಮೊದಲು ಸದ್ದು: ಸಾವಿರ ರೂಪಾಯಿಯಲ್ಲಿ ಆಟಿಕೆ ಆಲ್ಕೋಗೆ ದನಿ

ಅರಸೀಕೆರೆಯಲ್ಲಿ ನಮ್ಮ ಮನೆ ಸ್ಟೇಷನ್ನಿಗೆ ತೀರಾ ಹತ್ತಿರ. ಚಿಕ್ಕವನಿದ್ದಾಗ ರಾತ್ರಿ ಮಲಗಿದರೆ ಯಾರ್ಡಿನಲ್ಲಿ ಸುಮ್ನೆ ನಿಂತ ಆಲ್ಕೋ (ಆ ಹೆಸರಿನ ಅಮೆರಿಕನ್ ಕಂಪನಿಯ ವಿನ್ಯಾಸದ ಡೀಸೆಲ್) ಎಂಜಿನ್ನಿನ ಗುಡುಗುಡು ಕೇಳುತ್ತಿತ್ತು. ಒಂದೇ ಸಮ ಅಲ್ಲ, ನಡುನಡುವೆ ಎಡವಿದ ಹಾಗೆ. ಈಗ ಆ ದಾರಿಯ ತುಂಬ ಕರೆಂಟಿನ ತಂತಿ. ಎಲೆಕ್ಟ್ರಿಕ್ ಎಂಜಿನ್ ನಿಂತರೆ ಬ್ಲೋವರ್ ಸದ್ದು ಬಿಟ್ಟು ಬೇರೇನೂ ಇಲ್ಲ. ನನ್ನ ಬೆಂಗಳೂರಿನ ಮನೆಯ ಮೇಜಿನ ಮೇಲೆ ಅದೇ ಆಲ್ಕೋ ವಂಶದ ಡಬ್ಲ್ಯೂಡಿಎಂ-2 ಎಂಜಿನ್ನಿನ ಒಂದು ಪುಟ್ಟ ಮಾದರಿ ಓಡುತ್ತದೆ. ಅದೂ ಮೂಕ. ಅದಕ್ಕೆ ದನಿ ಕೊಡಲು ಹೊರಟು ಮೂರು ತಿಂಗಳು ಏನೇನು ಮಾಡಿದೆ, ಏನೇನು ಹಾಳು ಮಾಡಿದೆ ಅಂತ ಬರೆದಿಡುತ್ತಿದ್ದೇನೆ.

ಮೊದಲು ಎಂಜಿನ್ ಪರಿಚಯ. ಹೆಚ್‌ಓ ಅಳತೆ, ಅಂದರೆ ನಿಜದ 87ನೇ ಒಂದು ಪಾಲು. ಕೆಳಗಿನ ಚಾಸಿ ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಕ್ಕ ಆರು ಆಕ್ಸಲ್ಲಿನ ಅಮೆರಿಕನ್ ಡೀಸೆಲ್ಲಿನದು. ಮೇಲಿನದು 3ಡಿ ಪ್ರಿಂಟ್ ಮಾಡಿದ ಮೈ. ಹಳಿಯ ಅಗಲ 16.5 ಮಿ.ಮೀ. ನಮ್ಮ ಬ್ರಾಡ್‌ಗೇಜ್ 1676 ಮಿ.ಮೀ., 87ರಿಂದ ಭಾಗಿಸಿದರೆ 19 ಮಿ.ಮೀ. ದಾಟುತ್ತದೆ. ಆದ್ದರಿಂದ ನನ್ನ ಡಬ್ಲ್ಯೂಡಿಎಂ-2 ಕಾಲು ಜೋಡಿಸಿಕೊಂಡು ನಿಂತ ಹಾಗೆ ಕಾಣುತ್ತದೆ. ಭಾರತದ ರೈಲು ಮಾದರಿ ಕಟ್ಟುವವರೆಲ್ಲ ಹೆಚ್ಚುಕಡಿಮೆ ಇದನ್ನು ನೋಡಿಯೂ ನೋಡದ ಹಾಗೆ ಇರುತ್ತೇವೆ.

ದನಿ ಕೊಡುವ ರಾಜಮಾರ್ಗ ಡಿಸಿಸಿ. ಹಳಿಯಲ್ಲೇ ಡಿಜಿಟಲ್ ಸಂಕೇತ ಹರಿಸಿ, ಎಂಜಿನ್ ಒಳಗಿನ ಸೌಂಡ್ ಡೀಕೋಡರ್ ಅದನ್ನು ಓದಿ, ಮೋಟಾರನ್ನೂ ಸದ್ದನ್ನೂ ನಡೆಸುವ ಏರ್ಪಾಡು. ಚೆನ್ನಾಗಿಯೇ ಇರುತ್ತದೆ. ಆದರೆ ಒಂದು ಒಳ್ಳೆಯ ಸೌಂಡ್ ಡೀಕೋಡರಿಗೆ ಹೊರದೇಶದಲ್ಲೇ ಸುಮಾರು 100 ಡಾಲರ್. ಮೇಲೆ ಕಸ್ಟಮ್ಸ್, ಕೊರಿಯರ್, ಡಿಸಿಸಿ ಕಂಟ್ರೋಲರ್ ಬೇರೆ. ನನ್ನ ಇಡೀ ಎಂಜಿನ್ನಿಗೇ ಅಷ್ಟು ಆಗಿರಲಿಲ್ಲ. ನನ್ನದು ಹಳೇ ಡಿಸಿ: ನಾಬ್ ತಿರುಗಿಸಿದರೆ ಹಳಿಯಲ್ಲಿ 12 ವೋಲ್ಟ್ ತನಕ ಏರುತ್ತದೆ, ಎಂಜಿನ್ ಓಡುತ್ತದೆ, ಅಷ್ಟೇ. ಕಂಟ್ರೋಲರ್ ಕೂಡ ವೋಲ್ಟೇಜ್ ಏರಿಸಿ ಇಳಿಸುವ ಎಲ್‌ಎಂ317 ಐಸಿ ಇಟ್ಟು ಮನೆಯಲ್ಲೇ ಮಾಡಿದ್ದು. ಇದನ್ನು ಬದಲಿಸದೆ ಸಾವಿರ ರೂಪಾಯಿಯೊಳಗೆ ಮುಗಿಸಬೇಕು ಅಂತ ಹಟ ಹಿಡಿದೆ.

ಮೊದಲ ಸಲ ಕೆಟ್ಟದ್ದು

ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌ಪಿ ರೋಡಿಗೆ ಹೋಗಿ ಒಂದು ಚಿಕ್ಕ ಎಂಪಿ3 ಪ್ಲೇಯರ್ ಮಾಡ್ಯೂಲ್ ತಂದೆ. 140 ರೂಪಾಯಿ. ಮೆಮೊರಿ ಕಾರ್ಡು ಹಾಕಿ, ಎರಡು ತಂತಿಗೆ ಸ್ಪೀಕರ್ ಕಟ್ಟಿದರೆ ಹಾಡುತ್ತದೆ. ಆಂಪ್ಲಿಫೈಯರ್ ಒಳಗೇ ಇದೆ. ಜೊತೆಗೆ ಆರ್ಡುಯಿನೋ ಅನ್ನುವ, ಪ್ರೋಗ್ರಾಮ್ ಬರೆದು ಹಾಕುವ ಚಿಕ್ಕ ಬೋರ್ಡು ಇದ್ದರೆ ‘ಒಂದನೇ ಫೈಲ್ ನುಡಿಸು, ಈಗ ಎರಡನೆಯದು’ ಅಂತ ಹೇಳಬಹುದು. ಒಂದನೆಯದು ಐಡಲ್, ಅಂದರೆ ಎಂಜಿನ್ ಸುಮ್ನೆ ಗುಡುಗುಡು ಅನ್ನುವ ಸದ್ದು, ಎರಡನೆಯದು ನಡು ವೇಗ, ಮೂರನೆಯದು ಪೂರ್ತಿ ವೇಗ. ಒಂದು ಭಾನುವಾರದಲ್ಲಿ ಮುಗಿಯುವ ಕೆಲಸ ಅಂದುಕೊಂಡೆ.

ಮುಗಿಯಿತು ಕೂಡ. ಆದರೆ ಒಂದು ಫೈಲಿನಿಂದ ಇನ್ನೊಂದಕ್ಕೆ ಹೋಗುವಾಗ ನಡುವೆ ಒಂದು ಕ್ಷಣ ಮೌನ. ಅದೇ ಫೈಲ್ ಮುಗಿದು ಮತ್ತೆ ಶುರುವಾಗುವಾಗಲೂ ಮೌನ. ಕಣ್ಣು ಮಿಟುಕಿಸಿದಷ್ಟೇ ಹೊತ್ತು. ಹಾಡಿಗಾದರೆ ಅದು ಲೆಕ್ಕಕ್ಕೇ ಇಲ್ಲ. ಆದರೆ 2600 ಅಶ್ವಶಕ್ತಿಯ ಡೀಸೆಲ್ ಎಂಜಿನ್ ಓಡುತ್ತಾ ಓಡುತ್ತಾ ಕಣ್ಣು ಮಿಟುಕಿಸುವಷ್ಟು ಹೊತ್ತು ಸತ್ತು ಮತ್ತೆ ಬದುಕುವುದಿಲ್ಲ ಅಲ್ವಾ? ಎಂಪಿ3 ಫೈಲಿನ ತಲೆಗೂ ಬಾಲಕ್ಕೂ ಒಂದಿಷ್ಟು ಖಾಲಿ ಜಾಗ ಸೇರಿಕೊಳ್ಳುತ್ತದೆ, ಅದು ಆ ರೀತಿಯ ಫೈಲಿನ ಗುಣ. ಅದಿಲ್ಲದ ಡಬ್ಲ್ಯೂಎವಿ ಬಗೆಯ ಫೈಲ್ ಹಾಕಿದೆ. ಅಂತರ ಸಣ್ಣದಾಯಿತು, ಹೋಗಲಿಲ್ಲ. ಕಾರ್ಡಿನಲ್ಲಿ ಮುಂದಿನ ಫೈಲ್ ಹುಡುಕಲು ಅದಕ್ಕೂ ಹೊತ್ತು ಬೇಕು.

ಎರಡು ಮಾಡ್ಯೂಲ್ ಇಟ್ಟು ಒಂದು ನಿಲ್ಲುವ ಮೊದಲೇ ಇನ್ನೊಂದನ್ನು ಶುರು ಮಾಡುವ ಉಪಾಯವೂ ಹೊಳೆಯಿತು. ಆದರೆ ಒಂದೇ ಮಾಡ್ಯೂಲ್ 21 ಮಿ.ಮೀ. ಚೌಕ. ನನ್ನ ಎಂಜಿನ್ನಿನ ಹುಡ್ ಒಳಗಡೆ 20 ಮಿ.ಮೀ. ಕೂಡ ಇಲ್ಲ. ಒಂದನ್ನೇ ಪಿನ್ ಕಿತ್ತು ಓರೆಯಾಗಿ ನಿಲ್ಲಿಸಿದ್ದೆ, ಎರಡು ಎಲ್ಲಿಂದ ಬರಬೇಕು. ಹಿಂದಿನ ಬೋಗಿಯಲ್ಲಿ ಇಡುವವರಿದ್ದಾರೆ. ನಾನೂ ಒಂದು ದಿನ ಇಟ್ಟು ನೋಡಿದೆ. ಎಂಜಿನ್ ಮುಂದೆ, ಸದ್ದು ಹಿಂದೆ. ಪಕ್ಕದ ಮನೆಯ ಮಗು ನೇರವಾಗಿ ಬೋಗಿಯನ್ನೇ ಎತ್ತಿ ಕಿವಿಗೆ ಹಿಡಿಯಿತು. ಅಲ್ಲಿಗೆ ಆ ಉಪಾಯ ಬಿಟ್ಟೆ.

ಎರಡನೇ ಸಲ

ಈ ಸಲ ತಂದದ್ದು ಆರ್ಡುಯಿನೋ ಥರದ್ದೇ ಇಎಸ್‌ಪಿ32-ಸಿ3ಯ ಚಿಕ್ಕ ಬೋರ್ಡು, 320 ರೂಪಾಯಿ. ಹೆಬ್ಬೆರಳಿನ ಮೇಲ್ಗೆಣ್ಣಿನಷ್ಟು, 18 ಮಿ.ಮೀ. ಅಗಲ. ಜೊತೆಗೆ ಮ್ಯಾಕ್ಸ್98357ಎ ಆಂಪ್ಲಿಫೈಯರ್ ಬೋರ್ಡು, 190 ರೂಪಾಯಿ. ಇಲ್ಲಿ ಮೆಮೊರಿ ಕಾರ್ಡೇ ಬೇಡ. ಸದ್ದನ್ನು ಸೆಕೆಂಡಿಗೆ 22,050 ಸ್ಯಾಂಪಲ್ಲಿನಂತೆ (ಸ್ಯಾಂಪಲ್ ಅಂದರೆ ಸದ್ದಿನ ಒಂದು ಕ್ಷಣದ ಅಳತೆ), 8 ಬಿಟ್ಟಿನಲ್ಲಿ ಇಟ್ಟರೆ ಒಂದು ಸೆಕೆಂಡಿಗೆ ಸುಮಾರು 22 ಕೆಬಿ ಸಾಕು. ಬೋರ್ಡಿನ 4 ಎಂಬಿ ಫ್ಲ್ಯಾಶಿನಲ್ಲಿ ಅರ್ಧ ಬಿಟ್ಟುಕೊಟ್ಟರೂ ಒಂದೂವರೆ ನಿಮಿಷದ ಸದ್ದು ಹಿಡಿಯುತ್ತದೆ. ನಮಗೆ ಬೇಕಾದದ್ದು ನಾಲ್ಕು ನಾಲ್ಕು ಸೆಕೆಂಡಿನ ಮೂರು ತುಣುಕು, ಒಂದು ಹಾರ್ನ್, ಒಂದು ಬ್ರೇಕ್ ಗಾಳಿ ಬಿಡುವ ‘ಸ್ಸ್’. ಧಾರಾಳ.

ದೊಡ್ಡ ಲಾಭ ಇನ್ನೊಂದು. ಇಲ್ಲಿ ಫೈಲ್ ನುಡಿಸುವುದಿಲ್ಲ, ಒಂದೊಂದೇ ಸ್ಯಾಂಪಲ್ಲನ್ನು ನಾವೇ ಲೆಕ್ಕ ಹಾಕಿ ಆಂಪ್ಲಿಫೈಯರಿಗೆ ಕಳಿಸುತ್ತೇವೆ. ಹಾಗಾಗಿ ಎರಡು ತುಣುಕನ್ನು ಒಟ್ಟಿಗೆ ಬೆರೆಸಬಹುದು. ಒಂದನ್ನು ತಗ್ಗಿಸುತ್ತಾ ಇನ್ನೊಂದನ್ನು ಏರಿಸಬಹುದು. ಸ್ಯಾಂಪಲ್ಲುಗಳನ್ನು ಸ್ವಲ್ಪ ಬೇಗ ಬೇಗ ಓದಿದರೆ ಎಂಜಿನ್ ರೆವ್ ಏರಿದ ಹಾಗೆಯೇ ಕೇಳುತ್ತದೆ. ಐಡಲ್ಲಿನ ಒಂದೇ ತುಣುಕನ್ನು ಹೀಗೆ ಕೊನೆತನಕ ಎಳೆದು ನೋಡಿದೆ. ನಿಜದ ಡಬ್ಲ್ಯೂಡಿಎಂ-2 ಐಡಲ್ಲಿನಲ್ಲಿ ನಿಮಿಷಕ್ಕೆ 400 ಸುತ್ತು, ಎಂಟನೇ ನಾಚ್‌ನಲ್ಲಿ, ಅಂದರೆ ಡ್ರೈವರಿನ ಥ್ರಾಟಲ್ಲಿನ ಕೊನೆಯ ಮೆಟ್ಟಿಲಿನಲ್ಲಿ, 1000 ಸುತ್ತು. ಎರಡೂವರೆ ಪಟ್ಟು. ಅಷ್ಟು ಎಳೆದರೆ ಹೊಲಿಗೆ ಮಷೀನಿನ ಸದ್ದು ಬಂತು. ಆಮೇಲೆ ಮೂರು ತುಣುಕು ಇಟ್ಟು, ಪ್ರತಿಯೊಂದನ್ನೂ ಕಾಲು ಪಾಲು ಮೇಲೆ ಕೆಳಗೆ ಮಾತ್ರ ಎಳೆದು, ಅಂಚಿನಲ್ಲಿ ಒಂದರೊಳಗೆ ಒಂದನ್ನು ಬೆರೆಸಿದೆ. ಈಗ ಬೆಸುಗೆ ಎಲ್ಲಿದೆ ಅಂತ ನನಗೇ ತಿಳಿಯುವುದಿಲ್ಲ.

ಸದ್ದು ಹಿಡಿದದ್ದು

ನನ್ನ ಹತ್ತಿರ 2016ರಲ್ಲಿ ಅರಸೀಕೆರೆ ಪ್ಲಾಟ್‌ಫಾರಂ ತುದಿಯಲ್ಲಿ ಫೋನಿನಲ್ಲಿ ಹಿಡಿದ ಹನ್ನೆರಡು ನಿಮಿಷದ ರೆಕಾರ್ಡಿಂಗ್ ಇತ್ತು. ಗೂಡ್ಸ್ ಗಾಡಿ ಸಿಗ್ನಲ್ಲಿಗೆ ಕಾಯುತ್ತಾ ನಿಂತಿತ್ತು. ಆಮೇಲೆ ಹೊರಟಿತು. ಅದು ಡಬ್ಲ್ಯೂಡಿಎಂ-3ಎ, ನನ್ನ ಮಾದರಿ ಡಬ್ಲ್ಯೂಡಿಎಂ-2. ಆದರೂ ಎರಡರ ಹೊಟ್ಟೆಯಲ್ಲೂ ಇರುವುದು ಆಲ್ಕೋದ 16 ಸಿಲಿಂಡರಿನ 251 ಎಂಜಿನ್ನೇ. 1962ರಲ್ಲಿ ಅಮೆರಿಕದಿಂದ ಬಂದು, 1964ರಿಂದ ವಾರಾಣಸಿಯಲ್ಲಿ ತಯಾರಾದ ವಂಶ.

ಹೊಸದಾಗಿ ಹಿಡಿಯುವವರಿಗೆ ಒಂದು ಮಾತು. ಓಡಿಹೋಗುವ ರೈಲಿನ ರೆಕಾರ್ಡಿಂಗ್ ಈ ಕೆಲಸಕ್ಕೆ ಬರುವುದಿಲ್ಲ. 60 ಕಿ.ಮೀ. ವೇಗದ ಗಾಡಿ ನಮ್ಮತ್ತ ಬರುವಾಗ ಸದ್ದಿನ ಸ್ಥಾಯಿ ಸುಮಾರು ನೂರಕ್ಕೆ ಐದು ಪಾಲು ಏರಿರುತ್ತದೆ. ದಾಟಿದ ಮೇಲೆ ಅಷ್ಟೇ ಇಳಿಯುತ್ತದೆ. ಒಟ್ಟು ವ್ಯತ್ಯಾಸ ಹೆಚ್ಚುಕಡಿಮೆ ರಿಷಭದಿಂದ ಷಡ್ಜಕ್ಕೆ ಜಾರಿದಷ್ಟು. ಅದನ್ನು ಸುತ್ತು ಹಾಕಿಸಿದರೆ ಎಂಜಿನ್ ನಾಲ್ಕು ಸೆಕೆಂಡಿಗೊಮ್ಮೆ ನರಳುತ್ತದೆ. ಬೇಕಾದದ್ದು ನಿಂತ ಎಂಜಿನ್, ಇಲ್ಲವೇ ಭಾರ ಹೊತ್ತು ಇನ್ನೂ ನಡಿಗೆಯ ವೇಗದಲ್ಲಿರುವ ಎಂಜಿನ್. ಗೂಡ್ಸ್ ಹೊರಡುವ ಹೊತ್ತು ಇದಕ್ಕೆ ಹೇಳಿಮಾಡಿಸಿದ ಹಾಗಿರುತ್ತದೆ. ಎಂಜಿನ್ ಪೂರ್ತಿ ಕಿರುಚುತ್ತಿರುತ್ತದೆ, ಗಾಡಿ ಮಾತ್ರ ಅಲ್ಲೇ ಇರುತ್ತದೆ.

ಸದ್ದನ್ನು ಕತ್ತರಿಸಿ ತಿದ್ದುವ ಆಡಾಸಿಟಿ ಸಾಫ್ಟ್‌ವೇರಿನಲ್ಲಿ ತುಣುಕು ಕತ್ತರಿಸಿದೆ. ತುಣುಕಿನ ಕೊನೆಯನ್ನು ತಲೆಯ ಜೊತೆ ಸೆಕೆಂಡಿನ ಐದನೇ ಒಂದು ಪಾಲಿನಷ್ಟು ಬೆರೆಸಿ ಬೆಸೆಯಬೇಕು, ಇಲ್ಲದಿದ್ದರೆ ಸುತ್ತಿಗೊಮ್ಮೆ ‘ಟಪ್’ ಅನ್ನುತ್ತದೆ. ಕತ್ತರಿಸುವ ಜಾಗ ಎಂಜಿನ್ನಿನ ತಾಳಕ್ಕೆ ಕೂಡಬೇಕು. ಆಲ್ಕೋ ಐಡಲ್ಲಿಗೆ ಆ ಎಡವುವ ತಾಳ ಇದೆಯಲ್ಲ, ಅದರ ನಡುವೆ ಕತ್ತರಿ ಬಿದ್ದರೆ ಕುಂಟ ಇನ್ನೊಂದು ಕಾಲನ್ನೂ ಎಳೆದ ಹಾಗೆ. ಎರಡು ಸಂಜೆ ಕೂತು ಸರಿ ಮಾಡಿ, ಎಂಜಿನ್ನಿಗೆ ಹಾಕಿ ಖುಷಿಯಿಂದ ಕೇಳುತ್ತಾ ಕೂತೆ. ಹೆಂಡತಿ ಅಡುಗೆಮನೆಯಿಂದ ಕೇಳಿದಳು: “ಅದ್ಯಾರು ರೀ, ಆಗ್ಲಿಂದ ಟೀ ಟೀ ಅಂತಿರೋದು?”

ಹೌದು. ಎಂಜಿನ್ನಿನ ಹಿಂದೆ ತೀರಾ ಸಣ್ಣದಾಗಿ ಪ್ಲಾಟ್‌ಫಾರಂ ಟೀ ಮಾರುವವನ ದನಿ. ನಾಲ್ಕು ಸೆಕೆಂಡಿಗೊಮ್ಮೆ ಕರಾರುವಾಕ್ಕಾಗಿ. ಒಮ್ಮೆ ಕೇಳಿದ ಮೇಲೆ ಅದು ಬಿಟ್ಟು ಬೇರೇನೂ ಕೇಳುವುದಿಲ್ಲ. ಹನ್ನೆರಡು ನಿಮಿಷ ಜಾಲಾಡಿ ಟೀ, ಕಾಗೆ, ಅನೌನ್ಸ್‌ಮೆಂಟು ಯಾವುದೂ ಇಲ್ಲದ ನಾಲ್ಕು ಸೆಕೆಂಡ್ ಹುಡುಕಿದೆ. ಒಂದೇ ಕಡೆ ಸಿಕ್ಕಿತು.

ಡಬ್ಬಿ

ಹಣ ಉಳಿಸಲು ಹೊರಟವರು ಎಲ್ಲಿ ಉಳಿಸಿದರೂ ಸರಿ, ಸ್ಪೀಕರಿನ ಡಬ್ಬಿಯಲ್ಲಿ ಹೊತ್ತು ಉಳಿಸಬೇಡಿ. ಸ್ಪೀಕರ್ ಮಾತ್ರ ಎಷ್ಟು ಅಗ್ಗದ್ದಾದರೂ ನಡೆಯುತ್ತದೆ. ನಾನು ತಂದದ್ದು ನಮ್ಮ ಬೀದಿಯ ಮೊಬೈಲ್ ರಿಪೇರಿ ಅಂಗಡಿಯಿಂದ, ಹಳೇ ಫೋನುಗಳಿಂದ ಬಿಚ್ಚಿದ್ದು. ರಿಪೇರಿಯವರು ಅದನ್ನು ‘ರಿಂಗರ್’ ಅನ್ನುತ್ತಾರೆ. ‘ಸ್ಪೀಕರ್’ ಅಂತ ಕೇಳಿದರೆ ಕಿವಿಗೆ ಹಿಡಿಯುವ ತುಣುಕನ್ನು ಕೊಟ್ಟುಬಿಡುತ್ತಾರೆ. ರಿಂಗರ್ ಒಂದಕ್ಕೆ 40 ರೂಪಾಯಿ, ಎರಡು ತಂದೆ. ತಲಾ 8 ಓಮ್, ಪ್ಯಾರಲಲ್ ಕಟ್ಟಿದರೆ 4 ಓಮ್. ಆಂಪ್ಲಿಫೈಯರ್ ಅದನ್ನು ತಡೆಯುತ್ತದೆ.

ಮೊದಲು ಬರೀ ಸ್ಪೀಕರನ್ನು ತಂತಿಗೆ ನೇತುಹಾಕಿ ಕೇಳಿದಾಗ ಅಳು ಬರುವುದೊಂದು ಬಾಕಿ. ಡಬ್ಬದೊಳಗೆ ಜೀರುಂಡೆ ಬಿಟ್ಟ ಹಾಗಿತ್ತು. ಯಾಕೆ ಅಂದರೆ, ಸ್ಪೀಕರಿನ ಪೊರೆ ಮುಂದಕ್ಕೆ ಗಾಳಿ ತಳ್ಳಿದಾಗ ಹಿಂದಿನಿಂದ ಎಳೆದುಕೊಳ್ಳುತ್ತದೆ. ಸುತ್ತ ಗೋಡೆ ಇಲ್ಲದಿದ್ದರೆ ಮುಂದಿನ ಗಾಳಿ ಅಂಚು ಸುತ್ತಿ ಹಿಂದಕ್ಕೆ ಹೋಗಿ ಒಂದನ್ನೊಂದು ತಿಂದುಹಾಕುತ್ತವೆ. ತೆಳು ಸದ್ದು ಬೇಗ ಬೇಗ ಕಂಪಿಸುವುದರಿಂದ ಹೇಗೋ ತಪ್ಪಿಸಿಕೊಳ್ಳುತ್ತದೆ. ದಪ್ಪ ಸದ್ದು ಪೂರ್ತಿ ಹೋಗುತ್ತದೆ. ಎಂಜಿನ್ನಿನ ಜೀವ ಇರುವುದೇ ದಪ್ಪ ಸದ್ದಿನಲ್ಲಿ.

ಆದ್ದರಿಂದ ಹಿಂಬದಿಯನ್ನು ಗಾಳಿಯಾಡದಂತೆ ಮುಚ್ಚಬೇಕು. ನಾನು ಅವಧಿ ಮುಗಿದ ಎಟಿಎಂ ಕಾರ್ಡು ಕತ್ತರಿಸಿ ಡಬ್ಬಿ ಮಾಡಿದೆ. 18 ಮಿ.ಮೀ. ಅಗಲ, 34 ಮಿ.ಮೀ. ಉದ್ದ, 11 ಮಿ.ಮೀ. ಆಳ. ಮೂಲೆಗೆ ಫೆವಿಕ್ವಿಕ್, ಒಣಗಿದ ಮೇಲೆ ಒಳಗಿನಿಂದ ಎಂ-ಸೀಲ್. ತಂತಿ ಹೊರಬರುವ ತೂತಿಗೂ ಎಂ-ಸೀಲ್. ಮೊದಲನೆಯದು ಚೆನ್ನಾಗಿ ಕೇಳಲಿಲ್ಲ. ಡಬ್ಬಿಯ ಮುಖವನ್ನು ತುಟಿಗಿಟ್ಟು ಮೆಲ್ಲಗೆ ಊದಿ ನೋಡಿದೆ, ತಂತಿಯ ಪಕ್ಕದಲ್ಲಿ ಕೂದಲೆಳೆಯಷ್ಟು ಸಂದು. ಅದನ್ನು ಮುಚ್ಚಿದ ಕೂಡಲೇ ಬೇರೆಯೇ ಎಂಜಿನ್. ಸುಳ್ಳಲ್ಲ, ಮೇಜಿನ ಮೇಲಿದ್ದ ಸ್ಕ್ರೂಗಳು ಸಣ್ಣಗೆ ನಡುಗಿದವು.

ಆದರೂ ಇಷ್ಟು ಪುಟ್ಟ ಸ್ಪೀಕರ್ 16 ಸಿಲಿಂಡರಿನ ನಿಜವಾದ ಗುಡುಗನ್ನು ಕೊಡುವುದಿಲ್ಲ. ಲೆಕ್ಕ ನೋಡಿ. ನಾಲ್ಕು ಸ್ಟ್ರೋಕಿನ ಎಂಜಿನ್ ಆದ್ದರಿಂದ ಪ್ರತಿ ಸಿಲಿಂಡರ್ ಎರಡು ಸುತ್ತಿಗೊಮ್ಮೆ ಹೊಡೆಯುತ್ತದೆ. ನಿಮಿಷಕ್ಕೆ 400 ಸುತ್ತಿನಲ್ಲಿ 3200 ಹೊಡೆತ, ಸೆಕೆಂಡಿಗೆ ಸುಮಾರು 53. ಎಂಟನೇ ನಾಚ್‌ನಲ್ಲಿ ಸೆಕೆಂಡಿಗೆ 133. ಈ ರಿಂಗರಿನಲ್ಲಿ ಸದ್ದು ಅನ್ನುವಂಥದ್ದು ಹೊರಡುವುದೇ ಸೆಕೆಂಡಿಗೆ 400, 500 ಕಂಪನದ ಮೇಲೆ. ಹಾಗಾದರೆ ನಮಗೆ ಕೇಳಿಸುವುದೇನು? ಹಳೇ ಲ್ಯಾಂಡ್‌ಲೈನ್ ನೆನಪಿಸಿಕೊಳ್ಳಿ. ಅದರಲ್ಲಿ ಸೆಕೆಂಡಿಗೆ 300 ಕಂಪನಕ್ಕಿಂತ ಕೆಳಗಿನದು ಬರುತ್ತಲೇ ಇರಲಿಲ್ಲ. ಗಂಡಸಿನ ದನಿಯ ಮೂಲ ಸ್ಥಾಯಿ 100, 120ರ ಆಸುಪಾಸು. ಆದರೂ ಅಪ್ಪನ ದಪ್ಪ ದನಿ ದಪ್ಪವಾಗಿಯೇ ಕೇಳುತ್ತಿತ್ತು. ದನಿಯಲ್ಲೇ ಇರುವ, ಮೂಲದ ಮೂರು ನಾಲ್ಕು ಪಟ್ಟಿನ ಮೇಲಿನ ಕಂಪನಗಳನ್ನು ಕೇಳಿ ಕೆಳಗಿನದನ್ನು ತಲೆ ತಾನೇ ತುಂಬಿಕೊಳ್ಳುತ್ತದೆ. ಇಲ್ಲೂ ಅದೇ.

ಅದಕ್ಕೇ ನಾನು ಆಡಾಸಿಟಿಯಲ್ಲಿ 250ರ ಕೆಳಗಿನದನ್ನೆಲ್ಲ ತೆಗೆದುಹಾಕಿದೆ. ಮೊದಲು ಕೈ ಬರಲಿಲ್ಲ, ಇದ್ದ ಗುಡುಗನ್ನೂ ಕಳೆಯುವುದೇ ಅನಿಸಿತು. ಆದರೆ ಸ್ಪೀಕರ್ ಹೇಗೂ ಕೇಳಿಸಲಾರದ ಆ ಕೆಳಗಿನ ಕಂಪನ ಪೊರೆಯನ್ನು ಸುಮ್ನೆ ಕುಣಿಸಿ, ಬ್ಯಾಟರಿ ತಿಂದು, ಉಳಿದ ಸದ್ದನ್ನು ಒಡಕು ಮಾಡುತ್ತಿತ್ತು. ತೆಗೆದ ಮೇಲೆ ವಾಲ್ಯೂಮ್ ಜಾಸ್ತಿ ಇಡಲು ಜಾಗ ಸಿಕ್ಕಿತು. 400ರಿಂದ 800ರ ನಡುವೆ ಸ್ವಲ್ಪ ಎತ್ತಿದೆ. ಐಡಲ್ಲಿನ ಆ ಎಡವು ತಾಳ ಎಲ್ಲೂ ಹೋಗಲಿಲ್ಲ, ಯಾಕೆಂದರೆ ಅದು ಸ್ಥಾಯಿಯಲ್ಲ, ಲಯ.

ಡಬ್ಬಿ ಕೂತದ್ದು ರೇಡಿಯೇಟರ್ ಫ್ಯಾನಿನ ಜಾಲರಿಯ ಕೆಳಗೆ, ಮುಖ ಮೇಲಕ್ಕೆ. ಜಾಗಕ್ಕಾಗಿ ಒಳಗಿದ್ದ ಎರಡು ತೂಕದ ಕಬ್ಬಿಣದಲ್ಲಿ ಒಂದನ್ನು ತೆಗೆಯಬೇಕಾಯಿತು. ಎಂಟು ಬೋಗಿ ಎಳೆಯುತ್ತಿದ್ದ ಎಂಜಿನ್ ಐದಕ್ಕೇ ಚಕ್ರ ಜಾರಿಸತೊಡಗಿತು. ಮೀನಿನ ಗಾಳಕ್ಕೆ ಕಟ್ಟುವ ಸೀಸದ ಗುಂಡನ್ನು ಚಪ್ಪಟೆ ಬಡಿದು ಸಂದಿಗೆಲ್ಲ ತುಂಬಿದ ಮೇಲೆ ಏಳು ಬೋಗಿಗೆ ಬಂತು. ಸಾಕು.

ಕರೆಂಟು

ಡಿಸಿಯ ತೊಂದರೆ ಏನೆಂದರೆ, ಗಾಡಿ ನಿಂತಾಗ ಹಳಿಯಲ್ಲಿ ಕೆಲಸಕ್ಕೆ ಬರುವಷ್ಟು ಕರೆಂಟೇ ಇರುವುದಿಲ್ಲ. ನಿಂತ ಎಂಜಿನ್ನಿನ ಗುಡುಗುಡುವೇ ನನಗೆ ಬೇಕಾದದ್ದು. ಆದ್ದರಿಂದ ಸದ್ದಿಗೆ ಬೇರೆಯೇ ಬ್ಯಾಟರಿ: 3.7 ವೋಲ್ಟಿನ, 300 ಎಂಎಎಚ್ ಲಿಥಿಯಂ ಪಾಲಿಮರ್, ಒಳಗೇ ಪ್ರೊಟೆಕ್ಷನ್ ಸರ್ಕ್ಯೂಟ್ ಇರುವಂಥದ್ದು, 220 ರೂಪಾಯಿ. ವೈಫೈ ಬಂದ್ ಮಾಡಿದರೆ ಎರಡು ಗಂಟೆಗೂ ಹೆಚ್ಚು ಓಡುತ್ತದೆ.

ಚಾರ್ಜ್ ಮಾಡಲು ಎಲ್ಲರೂ ಬಳಸುವ ಟಿಪಿ4056 ಬೋರ್ಡು 30 ರೂಪಾಯಿಗೆ ಸಿಗುತ್ತದೆ. ಆದರೆ ಅಂಗಡಿಯಿಂದ ತಂದ ಹಾಗೇ ಕಟ್ಟಬೇಡಿ. ಅದು 1 ಆಂಪಿಯರ್ ನೂಕುತ್ತದೆ. 300 ಎಂಎಎಚ್ ಬ್ಯಾಟರಿಗೆ ಅದು ತೀರಾ ಜಾಸ್ತಿ, ಬಿಸಿಯಾಗಿ ಉಬ್ಬಬಹುದು. ಬೋರ್ಡಿನ ಮೇಲಿನ 1.2 ಕೆ ರೆಸಿಸ್ಟರ್ ಕಿತ್ತು 4.7 ಕೆ ಹಾಕಿದರೆ ಸುಮಾರು 255 ಮಿಲಿಆಂಪಿಯರಿಗೆ ಇಳಿಯುತ್ತದೆ. ಆ ರೆಸಿಸ್ಟರ್ ಸಾಸಿವೆ ಕಾಳಿನಷ್ಟು. ಮೊದಲನೆಯದು ಚಿಮಟದಿಂದ ಹಾರಿ ಎಲ್ಲಿ ಹೋಯಿತೋ ಇವತ್ತಿಗೂ ಸಿಕ್ಕಿಲ್ಲ.

ಹಳಿಯ ವೋಲ್ಟೇಜ್ ಬೋರ್ಡಿಗೆ ತಿಳಿಯಬೇಕಲ್ಲ, ಅದಕ್ಕೆ ಒಂದು ಬ್ರಿಡ್ಜ್ ರೆಕ್ಟಿಫೈಯರ್. ಎಂಜಿನ್ ಮುಂದೆ ಹೋದರೂ ಹಿಂದೆ ಹೋದರೂ ಔಟ್‌ಪುಟ್ಟಿನಲ್ಲಿ ಪ್ಲಸ್ ಪ್ಲಸ್ಸೇ. ಅದರ ನೆಗೆಟಿವ್ ತಂತಿ ಬೋರ್ಡಿನ ಗ್ರೌಂಡಿಗೆ. ಪಾಸಿಟಿವ್ ತಂತಿಯಿಂದ 10 ಕೆ ರೆಸಿಸ್ಟರ್ ಇಳಿದು ಬೋರ್ಡಿನ ಪಿನ್ನಿಗೆ, ಆ ಪಿನ್ನಿನಿಂದ 2.7 ಕೆ ಗ್ರೌಂಡಿಗೆ. ಹಳಿಯಲ್ಲಿ ಪೂರ್ತಿ 12 ಇದ್ದಾಗ ಪಿನ್ನಿಗೆ ಎರಡು ಚಿಲ್ಲರೆ ವೋಲ್ಟ್ ಮಾತ್ರ. ಪಿನ್ ಮೇಲೆ ಒಂದು 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಇಟ್ಟರೆ ಮೋಟಾರಿನ ಕಿಡಿಯ ಗಲಾಟೆ ಅಡಗುತ್ತದೆ. ನಿಮ್ಮ ಕಂಟ್ರೋಲರ್ ಪಿಡಬ್ಲ್ಯೂಎಂ ಬಗೆಯದಾದರೆ (ಕರೆಂಟನ್ನು ಬೇಗ ಬೇಗ ಬಿಟ್ಟು ನಿಲ್ಲಿಸಿ ವೇಗ ಹಿಡಿಯುವಂಥದ್ದು) ಇನ್ನೂ ದೊಡ್ಡದು ಬೇಕಾಗುತ್ತದೆ.

ಇಲ್ಲೊಂದು ಕಡೆ ಎರಡು ಸಂಜೆ ವ್ಯರ್ಥವಾದವು. ಹಾರ್ನ್ ಕೂಗಲು ಶುರುವಾದ ಕೂಡಲೇ ಎಲ್ಲ ನಿಂತು, ಎಂಜಿನ್ ಮತ್ತೆ ಮೊದಲಿಂದ ಸ್ಟಾರ್ಟ್ ಆಗುತ್ತಿತ್ತು. ಪ್ರೋಗ್ರಾಮಿನಲ್ಲೇ ತಪ್ಪು ಅಂತ ಸಾಲು ಸಾಲು ಓದಿದೆ. ಕೊನೆಗೆ ಮಲ್ಟಿಮೀಟರ್ ಹಿಡಿದಾಗ ಗೊತ್ತಾಯಿತು: ಹಾರ್ನಿನ ಮೊದಲ ಹೊಡೆತಕ್ಕೆ ಆಂಪ್ಲಿಫೈಯರ್ ಒಮ್ಮೆಲೇ ಎಳೆದು ಬ್ಯಾಟರಿ ವೋಲ್ಟೇಜ್ ಕುಸಿಯುತ್ತಿತ್ತು, ಬೋರ್ಡು ರೀಸೆಟ್ ಆಗುತ್ತಿತ್ತು. ಆಂಪ್ಲಿಫೈಯರ್ ಪಕ್ಕದಲ್ಲಿ 470 ಮೈಕ್ರೋಫ್ಯಾರಡ್ ಕೆಪಾಸಿಟರ್ ಬೆಸೆದೆ. ಮುಗಿಯಿತು. ಐದು ರೂಪಾಯಿಯ ಕೆಲಸ.

ದೊಡ್ಡಪ್ಪ ಬಂದರು

ಇಷ್ಟಾದ ಮೇಲೆ ನನಗೆ ನಾನೇ ಶಭಾಷ್ ಹೇಳಿಕೊಳ್ಳುತ್ತಿದ್ದ ಹೊತ್ತಿಗೆ ದೊಡ್ಡಪ್ಪ ಮನೆಗೆ ಬಂದರು. ಅವರು ಗೂಡ್ಸ್ ಡ್ರೈವರ್ ಆಗಿ ರಿಟೈರ್ ಆದವರು, ಆಲ್ಕೋದಲ್ಲೇ ಹೆಚ್ಚು ಕಾಲ ಕಳೆದವರು. ಮೇಜಿನ ಮುಂದೆ ಕುರ್ಚಿ ಹಾಕಿ ಕೂರಿಸಿದೆ. ಗಾಡಿ ಎರಡು ಸುತ್ತು ಹಾಕಿತು. ಕಣ್ಣು ಮುಚ್ಚಿ ಕೇಳುತ್ತಿದ್ದರು.

“ಸದ್ದು ನಮ್ಮ ಗಾಡೀದೇ ಕಣೋ. ಆದ್ರೆ ಓಡಿಸ್ತಿರೋನು ಯಾರು?”

“ನಾನೇ, ದೊಡ್ಡಪ್ಪ.”

“ಗಾಡಿ ಓಡೋಕೆ ಶುರುವಾದ ಮೇಲೂ ಯಾಕೋ ಎಂಟನೇ ನಾಚ್‌ನಲ್ಲೇ ಇಟ್ಕೊಂಡಿದ್ದೀಯ? ಸಮ ದಾರೀಲಿ ವೇಗ ಬಂದ್ಮೇಲೆ ಇಳಿಸಲ್ವಾ? ಮತ್ತೆ ಹೊರಡೋವಾಗ ಚಕ್ರ ತಿರುಗಿದ ಮೇಲೆ ಎಂಜಿನ್ ಏರ್ತದಲ್ಲ, ಅದ್ಹೆಂಗೆ? ಎಂಜಿನ್ ಏರಿದ್ರೆ ತಾನೆ ಚಕ್ರ ತಿರುಗೋದು?”

ನಾನು ಮಾಡಿದ್ದೇನೆಂದರೆ, ವೋಲ್ಟೇಜ್ ಜಾಸ್ತಿ ಇದ್ದರೆ ರೆವ್ ಜಾಸ್ತಿ, ಕಡಿಮೆ ಇದ್ದರೆ ಕಡಿಮೆ. ಸ್ಕೂಟರಿನ ಲೆಕ್ಕ. ಆದರೆ ಇಂಥ ರೈಲಿನಲ್ಲಿ ಡೀಸೆಲ್ ಎಂಜಿನ್ ನೇರವಾಗಿ ಚಕ್ರ ತಿರುಗಿಸುವುದಿಲ್ಲ. ಅದು ಜನರೇಟರ್ ತಿರುಗಿಸುತ್ತದೆ, ಆ ಕರೆಂಟಿನಿಂದ ಟ್ರ್ಯಾಕ್ಷನ್ ಮೋಟಾರುಗಳು ಚಕ್ರ ತಿರುಗಿಸುತ್ತವೆ. ಎಂಜಿನ್ನಿನ ಸದ್ದು ವೇಗ ಎಷ್ಟು ಅಂತ ಹೇಳುವುದಿಲ್ಲ, ಡ್ರೈವರ್ ಎಷ್ಟು ಶಕ್ತಿ ಕೇಳುತ್ತಿದ್ದಾನೆ ಅಂತ ಹೇಳುತ್ತದೆ. ನಡಿಗೆಯ ವೇಗದಲ್ಲೂ ಪೂರ್ತಿ ಕಿರುಚಬಹುದು, 80ರಲ್ಲಿ ಓಡುತ್ತಲೂ ಐಡಲ್ಲಿನಲ್ಲಿ ಇರಬಹುದು. ಇದೆಲ್ಲ ನನಗೆ ಗೊತ್ತಿತ್ತು. ಆದರೂ ಪ್ರೋಗ್ರಾಮ್ ಬರೆಯುವಾಗ ಕೈ ಸ್ಕೂಟರನ್ನೇ ಬರೆದಿತ್ತು.

ಅವತ್ತು ರಾತ್ರಿಯೇ ಕೂತು ಬದಲಿಸಿದೆ. ಈಗ ಬೋರ್ಡು ವೋಲ್ಟೇಜ್ ಎಷ್ಟಿದೆ ಅನ್ನುವುದಕ್ಕಿಂತ ಅದು ಏರುತ್ತಿದೆಯೋ ಇಳಿಯುತ್ತಿದೆಯೋ ಅಂತ ನೋಡುತ್ತದೆ. ಏರುತ್ತಿದ್ದರೆ ಒಂದೊಂದೇ ನಾಚ್ ಮೇಲಕ್ಕೆ, ಎಂಟರ ತನಕ. ಏರುವುದು ನಿಂತು ನಾಲ್ಕು ಸೆಕೆಂಡ್ ಸಮವಾಗಿದ್ದರೆ ಮೂರಕ್ಕೋ ನಾಲ್ಕಕ್ಕೋ ಇಳಿದು ಅಲ್ಲೇ ಇರುತ್ತದೆ. ಒಂದು ಸೆಕೆಂಡಿನೊಳಗೆ ಅರ್ಧ ವೋಲ್ಟ್ ಇಳಿದರೆ ನೇರ ಐಡಲ್. ಗಾಡಿ ಇನ್ನೂ ಉರುಳುತ್ತಿರುತ್ತದೆ, ಎಂಜಿನ್ ಮಾತ್ರ ಸುಮ್ಮನಾಗುತ್ತದೆ, ಹಳಿಯ ಕೀಲಿನ ಟಕ್ ಟಕ್ ಕೇಳಿಸುತ್ತದೆ. ಸ್ಟೇಷನ್ ಹತ್ತಿರ ಬಂದಾಗ ನಿಜದ ಗಾಡಿಯೂ ಹೀಗೇ.

ಸದ್ದು ಮೊದಲು, ಚಕ್ರ ಆಮೇಲೆ ಅನ್ನುವುದಕ್ಕೆ ನನ್ನ ಮೋಟಾರಿನ ಸೋಮಾರಿತನವೇ ನೆರವಾಯಿತು. ಅದು 4 ವೋಲ್ಟಿನ ತನಕ ಅಲ್ಲಾಡುವುದಿಲ್ಲ. ಎಲ್‌ಎಂ317 ಕಂಟ್ರೋಲರಿನಲ್ಲಿ ನಾಬ್ ಪೂರ್ತಿ ಇಳಿಸಿದರೂ 1.25 ವೋಲ್ಟ್ ಉಳಿದಿರುತ್ತದೆ. ಹಾಗಾಗಿ 2 ವೋಲ್ಟ್ ಮುಟ್ಟಿದ ಕೂಡಲೇ ರೆವ್ ಏರಲು ಶುರು ಮಾಡಿಸಿದೆ. 2ರಿಂದ 4ರ ನಡುವೆ ಎಂಜಿನ್ ನಿಂತಲ್ಲೇ ಗುಟುರು ಹಾಕುತ್ತದೆ. ಕೈ ಅವಸರ ಮಾಡಿದರೆ ಆ ನಡು ಜಾಗ ಚಕ್ಕನೆ ದಾಟಿಹೋಗುತ್ತದೆ ಅಂತ, ಎಲ್‌ಎಂ317ರ ಅಡ್ಜಸ್ಟ್ ಕಾಲಿಗೂ ಗ್ರೌಂಡಿಗೂ ನಡುವೆ 2200 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದೆ. ಕೆಪಾಸಿಟರ್ ತುಂಬುವ ತನಕ ವೋಲ್ಟೇಜ್ ಮೆಲ್ಲಗೆ ಏರುತ್ತದೆ. ನಾಬನ್ನು ಎಷ್ಟೇ ಜೋರಾಗಿ ತಿರುಗಿಸಿದರೂ 2ರಿಂದ 4ಕ್ಕೆ ಹೋಗಲು ಒಂದು ಸೆಕೆಂಡಿನಷ್ಟು ಬೇಕು. ಇಷ್ಟು ದೊಡ್ಡ ಕೆಪಾಸಿಟರ್ ಹಾಕಿದರೆ ಅಡ್ಜಸ್ಟ್ ಕಾಲಿನಿಂದ ಔಟ್‌ಪುಟ್ ಕಡೆಗೆ ಒಂದು 1ಎನ್4007 ಡಯೋಡ್ ಕೂಡ ಹಾಕಬೇಕು. ಇಲ್ಲದಿದ್ದರೆ ಹಳಿ ಶಾರ್ಟ್ ಆದ ದಿನ ಕೆಪಾಸಿಟರಿನ ಕರೆಂಟು ಐಸಿಯ ಒಳಗಿನಿಂದಲೇ ಖಾಲಿಯಾಗಿ ಅದನ್ನು ಸುಡಬಹುದು.

ಆ ಒಂದು ಸೆಕೆಂಡ್ ಮಾಡಿದ ಕೆಲಸವನ್ನು ಇಡೀ ಮೂರು ತಿಂಗಳ ರೆಕಾರ್ಡಿಂಗು, ಡಬ್ಬಿ, ಬೆಸುಗೆ ಮಾಡಿರಲಿಲ್ಲ. ಮುಂಚೆ ಅದು ಸದ್ದು ಬರುವ ಆಟಿಕೆ. ಈಗ ಏಳು ಬೋಗಿಯ ಭಾರ ಎಳೆಯಲು ಉಸಿರು ಹಿಡಿದ ಹಾಗೆ ಕಾಣುತ್ತದೆ.

ಹಾರ್ನ್

ಡಿಸಿಯಲ್ಲಿ ಹಾರ್ನಿಗೆ ಬೇರೆ ಬಟನ್ ಕೊಡುವ ಸುಲಭದ ದಾರಿ ಇಲ್ಲ. ಚಾಸಿಯ ಅಡಿಗೆ, ಮ್ಯಾಗ್ನೆಟ್ ಹತ್ತಿರ ಬಂದರೆ ತಾನೇ ಆನ್ ಆಗುವ ಒಂದು ರೀಡ್ ಸ್ವಿಚ್ ಅಂಟಿಸಿ, ಲೆವೆಲ್ ಕ್ರಾಸಿಂಗಿಗೆ ಮೊದಲು ಸ್ಲೀಪರುಗಳ ನಡುವೆ 5 ಮಿ.ಮೀ. ಅಗಲದ ಮ್ಯಾಗ್ನೆಟ್ ಹೂತಿಟ್ಟೆ. ಎಂಜಿನ್ ಅದರ ಮೇಲೆ ಹೋದರೆ ಹಾರ್ನ್. ಪಕ್ಕದಲ್ಲಿ ಹಳದಿ ಬೋರ್ಡಿನ ಮೇಲೆ ಕಪ್ಪಕ್ಷರದಲ್ಲಿ ‘ಡಬ್ಲ್ಯೂ/ಎಲ್’ (ಲೆವೆಲ್ ಕ್ರಾಸಿಂಗಿಗೆ ಹಾರ್ನ್ ಹಾಕು) ಅಂತ ಬರೆದು ನೆಟ್ಟೆ. ನಿಜದ ಹಳಿಯಲ್ಲಿ ಈ ಬೋರ್ಡು ಗೇಟಿನಿಂದ 600 ಮೀಟರ್ ಮೊದಲು ಇರುತ್ತದೆ. ನನ್ನ ಅಳತೆಯಲ್ಲಿ ಅದು ಸುಮಾರು 7 ಮೀಟರ್, ಅಂದರೆ ಬೋರ್ಡು ಪಕ್ಕದ ಮನೆಯವರ ಹಾಲಿನಲ್ಲಿ ನೆಡಬೇಕು. ಗೇಟಿನಿಂದ 60 ಸೆಂ.ಮೀ.ಗೇ ನೆಟ್ಟೆ. ರೀಡ್ ಸ್ವಿಚ್, ಮ್ಯಾಗ್ನೆಟ್ಟಿಗೆ 60 ರೂಪಾಯಿ, ತಂತಿ ಡಯೋಡು ಕೆಪಾಸಿಟರುಗಳಿಗೆ 90. ಎಲ್ಲ ಸೇರಿ 990. ಮೊದಲ ಸಲ ಕೈಕೊಟ್ಟ ಎಂಪಿ3 ಮಾಡ್ಯೂಲಿನ 140 ಲೆಕ್ಕಕ್ಕೆ ತೆಗೆದುಕೊಂಡಿಲ್ಲ, ಅದು ಈಗ ದೇವರ ಮನೆಯಲ್ಲಿ ಸುಪ್ರಭಾತ ಹಾಡುತ್ತಿದೆ.

ಹೋದ ವಾರ ದೊಡ್ಡಪ್ಪ ಮತ್ತೆ ಬಂದಿದ್ದರು. ಈ ಸಲ ನಾಬ್ ಅವರ ಕೈಯಲ್ಲಿ. ಎರಡು ವೋಲ್ಟಿನಲ್ಲೇ ಹಿಡಿದು ಎಂಜಿನ್ನನ್ನು ಗುಟುರು ಹಾಕಿಸುತ್ತಾ ಕೂತರು. ಆಮೇಲೆ ಬಿಟ್ಟರು. ಗೇಟಿಗೆ ಮೊದಲು ಹಾರ್ನ್ ಸರಿಯಾಗಿ ಕೂಗಿತು. ಸುತ್ತು ಮುಗಿಸಿ ಗಾಡಿಯನ್ನು ರಿವರ್ಸಿನಲ್ಲಿ ತಂದರು. ಅದು ಗೇಟನ್ನು ಸದ್ದಿಲ್ಲದೆ ದಾಟಿ, 60 ಸೆಂ.ಮೀ. ಆಚೆ ಬಂದು ಖಾಲಿ ದಾರಿಯಲ್ಲಿ ಜೋರಾಗಿ ಕೂಗಿತು.

“ಈ ಡ್ರೈವರನ್ನ ಮೊದ್ಲು ಸಸ್ಪೆಂಡ್ ಮಾಡಬೇಕು,” ಅಂದರು.

ಪರಿಹಾರ ಸಣ್ಣದು. ಗೇಟಿನ ಆಚೆ ಬದಿಯಲ್ಲಿ ಇನ್ನೊಂದು ಮ್ಯಾಗ್ನೆಟ್. ಮತ್ತೆ ಬ್ರಿಡ್ಜಿಗೆ ಬರುವ ಎರಡು ಹಳಿ ತಂತಿಗಳಲ್ಲಿ ಒಂದರಿಂದ ಇನ್ನೊಂದು 10 ಕೆ, 2.7 ಕೆ ಜೋಡಿ ಕಟ್ಟಿ ಖಾಲಿ ಇರುವ ಪಿನ್ನಿಗೆ ಕೊಟ್ಟರೆ, ಆ ಹಳಿ ಪ್ಲಸ್ ಇದ್ದಾಗ ಪಿನ್ನಿಗೆ ವೋಲ್ಟೇಜ್ ಬರುತ್ತದೆ, ಮೈನಸ್ ಇದ್ದಾಗ ಬರುವುದಿಲ್ಲ. ಎಂಜಿನ್ ಯಾವ ಕಡೆ ಹೋಗುತ್ತಿದೆ ಅಂತ ಬೋರ್ಡಿಗೆ ತಿಳಿದರೆ ದಾಟಿದ ಮೇಲೆ ಸಿಗುವ ಮ್ಯಾಗ್ನೆಟ್ಟನ್ನು ಬಿಟ್ಟುಬಿಡುತ್ತದೆ. ಎರಡೂ ಮ್ಯಾಗ್ನೆಟ್ಟು ಒಂದೇ ಥರ ಕಾಣುತ್ತವಲ್ಲ ಅಂದರೆ, ಮೊದಲು ಸಿಕ್ಕಿದ್ದಕ್ಕೆ ಕೂಗಿ, ದಿಕ್ಕು ಬದಲಾಗದೆ ಎರಡನೆಯದು ಸಿಕ್ಕರೆ ಸುಮ್ಮನಿರುವುದು. ಸುತ್ತಿನಲ್ಲಿ ಗೇಟು ಒಂದೇ ಇರುವುದರಿಂದ ಈ ಎಣಿಕೆ ತಪ್ಪುವುದಿಲ್ಲ. ನಡು ಗೇಟಿನಲ್ಲೇ ರಿವರ್ಸ್ ಹಾಕಿದರೆ ತಪ್ಪುತ್ತದೆ. ದೊಡ್ಡಪ್ಪ ಅದನ್ನೂ ಹಾಕಿ ನೋಡುತ್ತಾರೆ, ನನಗೆ ಗೊತ್ತು. ರೆಸಿಸ್ಟರ್ ಎರಡೂ ಡಬ್ಬಿಯಲ್ಲಿವೆ, ಈ ಭಾನುವಾರ ಬೆಸೆಯಬೇಕು.